ಗುಣ ಹೇಳಿದ್ದೆಲ್ಲ ಅಡ್ಜೆಕ್ಟಿವ್ ಅಲ್ಲ

ಏಳನೇ ತರಗತಿಯ ಯಾವುದಾದರೂ ಇಂಗ್ಲಿಷ್ ನೋಟ್‌ಬುಕ್ ತೆರೆಯಿರಿ. ತಿಪಟೂರಿನದಾಗಲಿ, ತುರುವೇಕೆರೆಯದಾಗಲಿ, ಚಿಕ್ಕನಾಯಕನಹಳ್ಳಿಯದಾಗಲಿ, ಒಳಗಿರುವುದು ಒಂದೇ. ‘ಎ ನೌನ್ ಈಸ್ ದ ನೇಮ್ ಆಫ್ ಎ ಪರ್ಸನ್, ಪ್ಲೇಸ್ ಆರ್ ಥಿಂಗ್.’ ಅದರ ಕೆಳಗೆ ‘ಆನ್ ಅಡ್ಜೆಕ್ಟಿವ್ ಡಿಸ್ಕ್ರೈಬ್ಸ್ ಎ ನೌನ್.’ ದುಂಡನೆಯ ಅಕ್ಷರ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಗುಡ್’. ನಾಲ್ಕು ಹಾಳೆ ಮುಂದೆ ಅದೇ ಮಗು ಸ್ವಂತವಾಗಿ ಬರೆದದ್ದು ಸಿಗುತ್ತದೆ: ‘ದ ಟ್ರೀ ಈಸ್ ವೆರಿ ಹೈಟ್’, ‘ಐ ಆಮ್ ಹಂಗರ್’, ‘ಮೈ ವಿಲೇಜ್ ಈಸ್ ವೆರಿ ಬ್ಯೂಟಿ’. ಅಲ್ಲಿ ಕೆಂಪು ಶಾಯಿ ಪದವನ್ನು ಹೊಡೆದುಹಾಕಿ ಮೇಲೆ ಸರಿಯಾದದ್ದನ್ನು ಬರೆದಿರುತ್ತದೆ. ಯಾಕೆ ತಪ್ಪು ಎಂಬ ಒಂದು ಮಾತು ಇರುವುದಿಲ್ಲ. ಮುಂದಿನ ವರ್ಷ ಮತ್ತೆ ಅದೇ ವ್ಯಾಖ್ಯಾನ, ಅದೇ ‘ಗುಡ್’. ಡಿಗ್ರಿ ಮುಗಿಸಿ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಕೂತ ಹುಡುಗ ‘ಐ ಆಮ್ ಲಿಟಲ್ ಟೆನ್ಷನ್ ಸಾರ್’ ಎನ್ನುವವರೆಗೂ ಇದು ನಿಲ್ಲುವುದಿಲ್ಲ.

ಇದನ್ನು ಮಕ್ಕಳ ತಲೆಗೆ ಕಟ್ಟುವ ಚಾಳಿ ಬಿಡಿ. ಆ ಮಗು ನೀವು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಪಾಲಿಸಿದೆ. ಹೈಟ್ ಎಂಬುದು ಮನುಷ್ಯನಲ್ಲ, ಊರಲ್ಲ, ಕೈಯಲ್ಲಿ ಹಿಡಿಯುವ ವಸ್ತುವಲ್ಲ, ಮರದ ಗುಣ. ಗುಣ ಹೇಳುವುದು ಅಡ್ಜೆಕ್ಟಿವ್ ಎಂದಿರಿ, ಅದು ಒಪ್ಪಿಕೊಂಡಿತು. ಬ್ಯೂಟಿ, ಆನೆಸ್ಟಿ, ಆ್ಯಂಗರ್, ಸ್ವೀಟ್‌ನೆಸ್ ಎಲ್ಲವೂ ಗುಣವೇ, ಭಾವವೇ. ಅಷ್ಟೇಕೆ, ಕ್ವಾಲಿಟಿ ಎಂಬ ಪದಕ್ಕೆ ಗುಣ ಎಂದೇ ಅರ್ಥ. ನಿಮ್ಮ ವ್ಯಾಖ್ಯಾನದ ಪ್ರಕಾರ ಅದಕ್ಕಿಂತ ದೊಡ್ಡ ಅಡ್ಜೆಕ್ಟಿವ್ ಇಂಗ್ಲಿಷಿನಲ್ಲೇ ಇರಬಾರದು. ಆದರೆ ಅದು ನೌನ್. ವ್ಯಾಖ್ಯಾನ ಸೋತಿದೆ ಎಂಬುದು ಮೊದಲ ಹತ್ತು ಪದಗಳಲ್ಲೇ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಮೂವತ್ತು ವರ್ಷ ಅದನ್ನೇ ಬೋರ್ಡಿನ ಮೇಲೆ ಬರೆಯುತ್ತ ಬಂದಿರುವುದಕ್ಕೆ ಏನು ಹೆಸರಿಡಬೇಕು?

ಇನ್ನೂ ಕೆಟ್ಟದ್ದು ಸ್ಟಾಫ್‌ರೂಮಿನಲ್ಲಿದೆ. ಕನ್ನಡದ ಮೇಷ್ಟ್ರು ನಾಮಪದದ ಬಗೆಗಳನ್ನು ಹೇಳಿಕೊಡುತ್ತಾರೆ: ವಸ್ತುವಾಚಕ, ಗುಣವಾಚಕ, ಸಂಖ್ಯಾವಾಚಕ, ಭಾವನಾಮ, ಹೀಗೆ. ಅಲ್ಲಿ ಗುಣವಾಚಕ ನಾಮಪದದ ಒಂದು ಬಗೆ. ಗಂಟೆ ಹೊಡೆಯುತ್ತದೆ. ಇಂಗ್ಲಿಷ್ ಮೇಡಂ ಬರುತ್ತಾರೆ, ‘ನೌನ್ ಅಂದ್ರೆ ನಾಮಪದ, ಅಡ್ಜೆಕ್ಟಿವ್ ಅಂದ್ರೆ ಗುಣವಾಚಕ, ಎರಡೂ ಬೇರೆ ಬೇರೆ’ ಎನ್ನುತ್ತಾರೆ. ನಲವತ್ತೈದು ನಿಮಿಷದ ಹಿಂದೆ ಒಂದು ಇನ್ನೊಂದರೊಳಗಿತ್ತು, ಈಗ ಹೊರಗಿದೆ. ಕೇಳಲು ಧೈರ್ಯವಿರುವ ಮಗು ಕೇಳಿದರೆ ‘ಅದು ಕನ್ನಡ ಗ್ರಾಮರ್, ಇದು ಇಂಗ್ಲಿಷ್ ಗ್ರಾಮರ್, ಸುಮ್ನೆ ಕೂತ್ಕೋ’ ಎಂಬ ಉತ್ತರ. ಇಬ್ಬರು ಶಿಕ್ಷಕರೂ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ಊಟ ಮಾಡುತ್ತಾರೆ. ಡಿ.ಎ. ಎಷ್ಟು ಏರಿತು ಎಂದು ಮಾತಾಡುತ್ತಾರೆ, ವರ್ಗಾವಣೆಯ ಪಟ್ಟಿ ಯಾವಾಗ ಎಂದು ಮಾತಾಡುತ್ತಾರೆ. ಈ ಗುಣವಾಚಕದ ವ್ಯಾಜ್ಯ ಮಾತ್ರ ಅಲ್ಲಿ ಎಂದೂ ಬಂದಿಲ್ಲ.

ಅದಕ್ಕೆ ಉತ್ತರ ಗುಟ್ಟಿನದೂ ಅಲ್ಲ. ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನೇ ತೊಡುತ್ತದೆ. ‘ಉನ್ನತಃ ವೃಕ್ಷಃ’, ‘ಉನ್ನತೇನ ವೃಕ್ಷೇಣ’. ನಾಮಪದದಂತೆಯೇ ರೂಪ ತಾಳುವುದರಿಂದ ಅದನ್ನು ನಾಮಪದದ ಸಾಲಿನಲ್ಲಿಟ್ಟರು. 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಇಂದಿನ ಪಠ್ಯಪುಸ್ತಕದವರೆಗೆ ಕನ್ನಡ ವ್ಯಾಕರಣದ ಮೇಲೆ ಆ ಸಂಸ್ಕೃತದ ನೆರಳಿದೆ. ಯುರೋಪಿನಲ್ಲೂ ಕಥೆ ಹೀಗೇ ಇತ್ತು. ಲ್ಯಾಟಿನ್ ವ್ಯಾಕರಣದವರು ಅಡ್ಜೆಕ್ಟಿವನ್ನು ನೌನಿನ ಒಂದು ಬಗೆಯೆಂದೇ ಎಣಿಸಿ, ‘ನೌನ್ ಸಬ್‌ಸ್ಟಾಂಟಿವ್’, ‘ನೌನ್ ಅಡ್ಜೆಕ್ಟಿವ್’ ಎಂದು ಎರಡು ಮಾಡಿಕೊಂಡಿದ್ದರು. ಇಂಗ್ಲೆಂಡಿನ ಶಾಲೆಗಳಲ್ಲೂ ಬಹುಕಾಲ ಅದೇ ಪಾಠ. 1795ರಲ್ಲಿ ಬಂದ ಲಿಂಡ್ಲೆ ಮರ್ರೆಯ ಇಂಗ್ಲಿಷ್ ವ್ಯಾಕರಣದ ಹೊತ್ತಿಗೆ ಅಡ್ಜೆಕ್ಟಿವ್ ತನ್ನದೇ ಮನೆ ಮಾಡಿಕೊಂಡು ಒಂಬತ್ತು ಪದವರ್ಗಗಳಲ್ಲಿ ಒಂದಾಗಿ ನಿಂತಿತ್ತು. ಅಂದರೆ ಇಂದು ನೀವು ಕಲ್ಲಿನಲ್ಲಿ ಕೆತ್ತಿದ್ದೆಂಬಂತೆ ಬಾಯಿಪಾಠ ಮಾಡಿಸುವ ಗೆರೆ ಇಂಗ್ಲಿಷಿನವರೇ ತಡವಾಗಿ ಎಳೆದುಕೊಂಡ ಗೆರೆ. ಎಳೆದದ್ದು ಪದದ ಅರ್ಥ ನೋಡಿ ಅಲ್ಲ, ನಡತೆ ನೋಡಿ. ಇಂಗ್ಲಿಷಿನ ನೌನ್ ಬಹುವಚನಕ್ಕೆ ಬಾಗುತ್ತದೆ, ಅಡ್ಜೆಕ್ಟಿವ್ ಬಾಗುವುದಿಲ್ಲ.

ಕನ್ನಡದ ಪದಗಳೂ ಸಂಸ್ಕೃತದ ಹಾಗೆ ನಡೆಯುವುದಿಲ್ಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವರ್ಷಗಟ್ಟಲೆ ಬರೆದರು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದ ಹೆಸರೇ ಅವರ ವಾದ. ಗುಣಪದಗಳೆಂಬ ವರ್ಗದ ಮೇಲೆಯೇ 1994ರಲ್ಲಿ ಇಂಗ್ಲಿಷಿನಲ್ಲಿ ಒಂದು ಇಡೀ ಗ್ರಂಥ ಪ್ರಕಟಿಸಿದರು. ಕನ್ನಡದಲ್ಲಿ ‘ದೊಡ್ಡ ಮರದಿಂದ’ ಎನ್ನುತ್ತೇವೆ, ‘ದೊಡ್ಡದರಿಂದ ಮರದಿಂದ’ ಎನ್ನುವುದಿಲ್ಲ. ‘ದೊಡ್ಡ’ ಯಾವ ವಿಭಕ್ತಿಯನ್ನೂ ತೊಡುವುದಿಲ್ಲ. ಒಂಟಿಯಾಗಿ ನಿಲ್ಲಬೇಕಾದರೆ ‘ದೊಡ್ಡದು’, ‘ದೊಡ್ಡವನು’ ಎಂದಾಗಬೇಕು. ಭಟ್ಟರ ಎಲ್ಲ ತೀರ್ಮಾನಗಳನ್ನೂ ಒಪ್ಪಬೇಕೆಂದಿಲ್ಲ. ಅವರ ಬರಹದ ಶೈಲಿಯ ಬಗ್ಗೆ, ಮಹಾಪ್ರಾಣ ಬಿಡಬೇಕೆಂಬ ಹಟದ ಬಗ್ಗೆ ತಕರಾರಿರುವವರು ಬಹಳ. ಜಗಳವಾಡುವುದಕ್ಕಾದರೂ ಓದಬೇಕಲ್ಲ? ನಮ್ಮ ತಾಲ್ಲೂಕುಗಳ ಎಷ್ಟು ಶಾಲೆಗಳ ಕಪಾಟಿನಲ್ಲಿ ಆ ಪುಸ್ತಕವಿದೆ, ಒಮ್ಮೆ ಹುಡುಕಿ ನೋಡಿ.

ಇದು ಎಲ್ಲೋ ನಡೆದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡವನ್ನು ಎಬ್ಬಿಸಿ ಕೂರಿಸಿದ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು 1884ರಲ್ಲಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ‘ಕನ್ನಡ ಮಧ್ಯಮ ವ್ಯಾಕರಣ’ ಬರೆದು ತಲೆಮಾರುಗಳ ವಿದ್ಯಾರ್ಥಿಗಳಿಗೆ ದಾರಿ ಮಾಡಿಕೊಟ್ಟ ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಹೆಸರಿನ ‘ತೀ’ ಆ ಊರೇ. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ಬಂದವರು, ಇನ್ನೊಬ್ಬರು ಕನ್ನಡದ ಪದಪದವನ್ನೂ ಬಿಡಿಸಿ ನೋಡಿದವರು. ಅಕ್ಕಪಕ್ಕದ ಎರಡು ತಾಲ್ಲೂಕು. ರಾಜ್ಯೋತ್ಸವದ ದಿನ ಇಬ್ಬರ ಫೋಟೊಗೂ ಹಾರ ಹಾಕಿ ‘ನಮ್ಮ ಮಣ್ಣಿನ ಮಗ’ ಎಂದು ಭಾಷಣ ಬಿಗಿಯುತ್ತೀರಿ. ಮರುದಿನ ತರಗತಿಗೆ ಹೋಗಿ ಗೈಡ್ ಬಿಚ್ಚುತ್ತೀರಿ.

ಆ ಗೈಡುಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಒಂದು ಕಡೆ ನೌನ್, ಎದುರಿಗೆ ಅಡ್ಜೆಕ್ಟಿವ್. ಡೇಂಜರ್–ಡೇಂಜರಸ್, ಬ್ಯೂಟಿ–ಬ್ಯೂಟಿಫುಲ್, ಹೈಟ್–ಹೈ. ವಾಕ್ಯ ಒಂದೂ ಇಲ್ಲ. ವಾಕ್ಯದಿಂದ ಹೊರಗೆ ಎಳೆದು ಹಾಕಿದ ಪದ ಯಾವ ವರ್ಗದ್ದೆಂದು ಎಷ್ಟೋ ಸಲ ಹೇಳಲಿಕ್ಕೇ ಬರುವುದಿಲ್ಲ ಎಂಬ ಮೂಲ ಸಂಗತಿಯನ್ನೇ ಆ ಪಟ್ಟಿ ಮುಚ್ಚಿಡುತ್ತದೆ.

ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಇಟ್ಟ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ರೈತ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಚಿಪ್ಪು ಬಿಟ್ಟ ಉಂಡೆ ಒಳಗೆ ಕುಲುಕಿದರೆ ಆಯಿತು. ಹೊರಗಿನ ಬಣ್ಣ ನೋಡಿ ತೀರ್ಪು ಕೊಡುವವನನ್ನು ಕಂಡು ಅವನು ನಗುತ್ತಾನೆ. ಪದಕ್ಕೂ ಹಾಗೆ ಅಲ್ಲಾಡಿಸಿ ನೋಡುವ ಉಪಾಯಗಳಿವೆ, ಮಕ್ಕಳಿಗೆ ಒಂದು ವಾರ ಸಾಕು. ಪದದ ಮುಂದೆ ‘ವೆರಿ’ ಇಟ್ಟು ನೋಡಿ: ‘ವೆರಿ ಟಾಲ್’ ನಿಲ್ಲುತ್ತದೆ, ‘ವೆರಿ ಹೈಟ್’ ನಿಲ್ಲುವುದಿಲ್ಲ. ಕೊನೆಗೆ ‘ಎಸ್’ ಹಚ್ಚಿ ನೋಡಿ, ಮುಂದೆ ‘ದ’ ಇಟ್ಟು ಒಂಟಿಯಾಗಿ ನಿಲ್ಲಿಸಿ ನೋಡಿ, ಇನ್ನೊಂದು ಗುಣಪದವನ್ನು ಮುಂದೆ ತಂದು ನೋಡಿ: ‘ಗ್ರೇಟ್ ಹೈಟ್’ ಸರಿ, ‘ಗ್ರೇಟ್ ಆನೆಸ್ಟಿ’ ಸರಿ. ‘ಈಸ್’ ಆದ ಮೇಲೆ ಇಟ್ಟು ನೋಡಿ. ಒಂದೇ ಸಲಕ್ಕೆ ತೀರ್ಪು ಬೇಡ. ‘ಆ್ಯನ್ಯುಯಲ್’ನಂಥ ಅಡ್ಜೆಕ್ಟಿವ್ ‘ವೆರಿ’ಯನ್ನು ಹತ್ತಿರ ಸೇರಿಸುವುದಿಲ್ಲ, ‘ಆನೆಸ್ಟಿ’ಯಂಥ ನೌನ್ ‘ಎಸ್’ ಹಚ್ಚಿಸಿಕೊಳ್ಳುವುದಿಲ್ಲ. ಎರಡು ಮೂರು ಕಡೆಯಿಂದ ಕುಲುಕಿದರೆ ಸದ್ದು ಬಂದೇ ಬರುತ್ತದೆ.

ಉದಾಹರಣೆಗಾಗಿ ಲಂಡನ್ನಿನ ಜಾನ್‌ನನ್ನೂ ಅವನ ರೆಡ್ ಬಾಲನ್ನೂ ಕರೆಸುವ ಅಗತ್ಯ ಏನಿದೆ? ನಮ್ಮ ತೋಟದ ತಳಿಯ ಹೆಸರನ್ನೇ ನೋಡಿ: ತಿಪಟೂರು ಟಾಲ್. ಗೈಡ್ ಓದಿದ ಮಗು ಥಟ್ಟನೆ ಹೇಳುತ್ತದೆ, ತಿಪಟೂರು ಊರು, ಆದ್ದರಿಂದ ನೌನ್. ಟಾಲ್ ಗುಣ, ಆದ್ದರಿಂದ ಅಡ್ಜೆಕ್ಟಿವ್. ಹಾಗಾದರೆ ಈ ಹೆಸರಿನ ಅರ್ಥ ಏನು, ಎತ್ತರದ ತಿಪಟೂರೇ? ಇಲ್ಲಿ ಕೆಲಸ ತಿರುವುಮುರುವಾಗಿದೆ. ಮುಂದೆ ನಿಂತು ‘ಎಂಥದ್ದು’ ಎಂದು ಹೇಳುತ್ತಿರುವುದು ಊರಿನ ಹೆಸರು. ಹಿಂದೆ ತಳಿಯಾಗಿ ಕೂತಿರುವುದು ಒಂದು ಕಾಲದ ಅಡ್ಜೆಕ್ಟಿವ್. ನರ್ಸರಿಯವರು ‘ಟಾಲ್ಸ್’ ಎಂದು ‘ಎಸ್’ ಹಚ್ಚಿಯೇ ಮಾತಾಡುತ್ತಾರೆ. ಅಲ್ಲಿಗೆ ಅದು ನೌನ್ ಆಯಿತು. ಅದರ ಪಕ್ಕದ ಗಿಡ್ಡ ತಳಿಗೆ ‘ಡ್ವಾರ್ಫ್’ ಎನ್ನುತ್ತಾರೆ. ಅದು ಹುಟ್ಟಾ ನೌನ್, ಕುಬ್ಜ ಎಂದರ್ಥ. ‘ಡ್ವಾರ್ಫ್ ಪಾಮ್’ ಎಂದಾಗ ಇನ್ನೊಂದು ನೌನಿನ ಮುಂದೆ ನಿಂತು ಗುಣ ಹೇಳುತ್ತದೆ. ಸಂಕರ ತಳಿಯ ಬೋರ್ಡಿನ ಮೇಲೆ ‘ಟಿ ಇಂಟು ಡಿ’ ಎಂದು ಬರೆದಿರುತ್ತದಲ್ಲ, ಅದು ವ್ಯಾಕರಣದಲ್ಲೂ ಸಂಕರವೇ. ಇಷ್ಟು ಒಳ್ಳೆಯ ಪಾಠ ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಬೋರ್ಡಾಗಿ ನಿಂತಿದ್ದರೂ ಒಬ್ಬ ಮೇಷ್ಟ್ರ ಕಣ್ಣಿಗೂ ಬೀಳಲಿಲ್ಲವೆಂದರೆ ಹೇಗೆ?

ಮಾರುಕಟ್ಟೆಗೆ ಬನ್ನಿ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಮಿಲ್ಲಿಂಗ್ ಕೊಬ್ಬರಿಗೆ ಕ್ವಿಂಟಲ್‌ಗೆ 11,582 ರೂಪಾಯಿ, ಬಾಲ್ ಕೊಬ್ಬರಿಗೆ 12,100 ರೂಪಾಯಿ. ಹಿಂದಿನ ಪದ ಎರಡರಲ್ಲೂ ಒಂದೇ. ಮುಂದಿನ ಒಂದು ಪದಕ್ಕೆ ಕ್ವಿಂಟಲ್‌ಗೆ 518 ರೂಪಾಯಿ ವ್ಯತ್ಯಾಸ. ಆ ಮುಂದಿನ ಪದ ಅಡ್ಜೆಕ್ಟಿವೋ? ‘ವೆರಿ ಬಾಲ್ ಕೊಪ್ರಾ’ ಎನ್ನಲಾಗದು. ‘ದ ಕೊಪ್ರಾ ಈಸ್ ಬಾಲ್’ ಎನ್ನಲಾಗದು. ಅದು ಇನ್ನೊಂದು ನೌನಿನ ಹೆಗಲ ಮೇಲೆ ಕೂತ ನೌನ್. ಕೋಕೊನಟ್ ಟ್ರೀ, ಕೊಪ್ರಾ ಪ್ರೈಸ್ ಎಲ್ಲ ಇದೇ ಜಾತಿ. ಮುಂದೆ ನಿಂತದ್ದೆಲ್ಲ ಅಡ್ಜೆಕ್ಟಿವ್ ಎಂದು ಹೇಳಿಕೊಡುವವರು ಇಲ್ಲಿ ಮುಗ್ಗರಿಸುತ್ತಾರೆ. ‘ಮಿಲ್ಲಿಂಗ್’ ಇನ್ನೂ ಸೊಗಸು. ಅದು ಗಾಣಕ್ಕೆ ಹೋಗುವ ಕೊಬ್ಬರಿ, ತಾನೇ ಗಾಣವಾಡುವ ಕೊಬ್ಬರಿಯಲ್ಲ. ‘ಡ್ರೈಯಿಂಗ್ ಯಾರ್ಡ್’ ಎಂದರೆ ಒಣಹಾಕುವ ಕಣ. ‘ಡ್ರೈಯಿಂಗ್ ಲೀವ್ಸ್’ ಎಂದರೆ ಒಣಗುತ್ತಿರುವ ಎಲೆ. ಒಂದೇ ಪದ, ಎರಡು ಕೆಲಸ, ಕನ್ನಡ ಬಲ್ಲ ಮಗುವಿಗೆ ಈ ಭೇದ ಒಂದೇ ಕ್ಷಣದಲ್ಲಿ ಹೊಳೆಯುತ್ತದೆ. ಹೊಳೆಯಿಸುವವರಿರಬೇಕು.

ಎಳನೀರಿಗೆ ಇಂಗ್ಲಿಷಿನಲ್ಲಿ ‘ಟೆಂಡರ್ ಕೋಕೊನಟ್’ ಎನ್ನುತ್ತಾರೆ. ಕೃಷಿ ಮಾರುಕಟ್ಟೆಯಲ್ಲಿ ಕೊಬ್ಬರಿ ಹೋಗುವುದು ‘ಇ-ಟೆಂಡರ್’ಗೆ. ಮೊದಲನೆಯದು ಎಳೆಯದೆಂಬ ಅಡ್ಜೆಕ್ಟಿವ್, ಎರಡನೆಯದು ನೌನ್. ಲ್ಯಾಟಿನ್ನಿನಲ್ಲಿ ಇವೆರಡರ ಬೇರೂ ಬೇರೆ, ಇಂಗ್ಲಿಷಿಗೆ ಬಂದು ಒಂದೇ ವೇಷ ಹಾಕಿಕೊಂಡಿವೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ‘ಫೇರ್ ಆವರೇಜ್ ಕ್ವಾಲಿಟಿ’ ಇದ್ದರೆ ಮಾತ್ರ ತಗೋತೀವಿ ಎನ್ನುತ್ತಾರೆ. ಫೇರ್ ಎಂದರೆ ಜಾತ್ರೆಯೂ ಹೌದು, ಆವರೇಜ್ ನೌನಾಗಿಯೂ ಬರುತ್ತದೆ. ಆದರೆ ಇಲ್ಲಿ ಎರಡೂ ಅಡ್ಜೆಕ್ಟಿವ್, ಕ್ವಾಲಿಟಿಯೇ ನೌನ್. ಯಾಕೆಂದು ಕೇಳಿದರೆ ಉತ್ತರ ಪದದ ಹೊಟ್ಟೆಯಲ್ಲಿಲ್ಲ, ಅದು ನಿಂತ ಜಾಗದಲ್ಲಿದೆ. ಆ ಮೂರು ಪದ ಅರ್ಥವಾಗದೆ ಚೀಲ ವಾಪಸು ಹೊತ್ತ ರೈತನ ಮಗ ಇಂಗ್ಲಿಷಿನಲ್ಲಿ ನೂರಕ್ಕೆ ತೊಂಬತ್ತು ತೆಗೆದಿರುತ್ತಾನೆ. ಆ ತೊಂಬತ್ತರ ಮೇಲೆ ನನಗೆ ನಂಬಿಕೆಯಿಲ್ಲ.

ಕನ್ನಡದ ಮಗುವೇ ಯಾಕೆ ‘ಐ ಆಮ್ ಹಂಗರ್’ ಎನ್ನುತ್ತದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳಿಕೊಡಬೇಕಿತ್ತು. ಕನ್ನಡದಲ್ಲಿ ನನಗೆ ಹಸಿವು, ನನಗೆ ಬಾಯಾರಿಕೆ, ನನಗೆ ಚಳಿ, ಅವನಿಗೆ ಸಿಟ್ಟು, ಅವಳಿಗೆ ಭಯ. ಭಾವ ಹೊರಗಿನಿಂದ ಬಂದು ನಮ್ಮನ್ನು ಮುಟ್ಟುವ ವಸ್ತು, ನಾಮಪದ. ಮನುಷ್ಯ ಚತುರ್ಥಿಯಲ್ಲಿ ನಿಂತು ಅದನ್ನು ಪಡೆಯುತ್ತಾನೆ. ಇಂಗ್ಲಿಷಿನಲ್ಲಿ ಮನುಷ್ಯನೇ ಕರ್ತೃವಾಗಿ ನಿಲ್ಲುತ್ತಾನೆ, ಭಾವ ಅವನ ಗುಣವಾಗಿ ಅಡ್ಜೆಕ್ಟಿವ್ ವೇಷದಲ್ಲಿ ಬರುತ್ತದೆ: ಹಂಗ್ರಿ, ಥರ್ಸ್ಟಿ, ಕೋಲ್ಡ್, ಆ್ಯಂಗ್ರಿ, ಅಫ್ರೇಡ್. ‘ಎತ್ತರ’ವೂ ಹಾಗೇ, ಅದು ಕನ್ನಡದಲ್ಲಿ ನಾಮಪದ. ‘ಎತ್ತರದ ಮರ’ ಎಂದು ಷಷ್ಠಿ ಹಚ್ಚಿ ಗುಣ ಮಾಡುತ್ತೇವೆ, ‘ಮರ ಎತ್ತರ ಇದೆ’ ಎಂದು ನೇರವಾಗಿಯೂ ಹೇಳುತ್ತೇವೆ. ಅದನ್ನೇ ಮಗು ಇಂಗ್ಲಿಷಿಗೆ ದಾಟಿಸಿ ‘ಟ್ರೀ ಈಸ್ ಹೈಟ್’ ಎಂದಿತು. ಆ ತಪ್ಪಿನಲ್ಲಿ ತರ್ಕವಿದೆ, ತಾಯ್ನುಡಿಯ ಜಾಣ್ಮೆಯಿದೆ. ಮಗುವಿಗೆ ಇಷ್ಟನ್ನು ತಿಳಿಸಿದರೆ ಒಂದೇ ದಿನದಲ್ಲಿ ಐದಾರು ತಪ್ಪು ಒಟ್ಟಿಗೆ ಹೋಗುತ್ತವೆ. ನೀವು ತಿಳಿಸುವುದಿಲ್ಲ. ತಿಳಿಸಬೇಕಾದರೆ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಎತ್ತಬೇಕಾಗುತ್ತದೆ, ಅದು ಮರ್ಯಾದೆಗೆ ಕಡಿಮೆ.

ಈಗ ನೆಪಗಳು. ‘ಏನ್ ಮಾಡೋದು ಸಾರ್, ಹಳ್ಳಿ ಮಕ್ಳು’ ಎಂಬುದು ಹಳೆಯ ನೆಪ, ಅದಕ್ಕೆ ಉತ್ತರ ಕೊಡುವುದೂ ವ್ಯರ್ಥ. ಸಂಪಿಗೆ, ತೀರ್ಥಪುರ ಎರಡೂ ಹಳ್ಳಿಗಳೇ. ‘ಪರೀಕ್ಷೆಗೆ ಇಷ್ಟು ಸಾಕು’ ಎನ್ನುವವರಿಗೆ ಒಂದೇ ಮಾತು: ಪರೀಕ್ಷೆಯ ಆಚೆ ಇಂಗ್ಲಿಷ್ ಬೇಕಾಗದಿದ್ದರೆ ಈ ಗಲಾಟೆಯೇ ಯಾಕೆ ಬೇಕಿತ್ತು? ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರ ಸುಮಾರಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019-20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನೇ ತೆರೆದರು. ಪ್ರತಿ ಸಲವೂ ಕೂಗಿದ್ದು ‘ಬೇಗ ಶುರು ಮಾಡಿ, ಹೆಚ್ಚು ಕಲಿಸಿ’ ಎಂದೇ. ಹೇಗೆ ಕಲಿಸುತ್ತಾರೆ ಎಂದು ಕೇಳಿದವರು ಕಡಿಮೆ. ಕೆಟ್ಟದಾಗಿ ಕಲಿಸುವುದನ್ನು ಐದು ವರ್ಷ ಮುಂಚೆ ಶುರುಮಾಡಿದರೆ ಐದು ವರ್ಷ ಹೆಚ್ಚು ಕೆಟ್ಟದಾಗಿ ಕಲಿಯುತ್ತಾರೆ, ಅಷ್ಟೆ.

ಇನ್ನೊಂದು ನೆಪ ಸ್ವಲ್ಪ ಓದಿಕೊಂಡವರದು. ‘ಗ್ರಾಮರ್ ಹಳೇ ಪದ್ಧತಿ, ಈಗ ಕಮ್ಯುನಿಕೇಶನ್ ಮುಖ್ಯ, ತಪ್ಪಾದರೂ ಮಾತಾಡಲಿ.’ ಮಾತಾಡಲಿ, ಯಾರು ಬೇಡ ಎಂದರು? ಇಂಗ್ಲಿಷಿನವರೇ ‘ಫನ್’ ಎಂಬ ನೌನನ್ನು ಅಡ್ಜೆಕ್ಟಿವ್ ಮಾಡಿಕೊಂಡು ‘ವೆರಿ ಫನ್’ ಎನ್ನುತ್ತಿದ್ದಾರೆ. ಭಾಷೆ ಹರಿಯುತ್ತದೆ, ನಿಜ. ಆದರೆ ಈ ವಾದ ಹೂಡುವವರ ಮಕ್ಕಳು ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಗ್ರಾಮರ್ ಚೆನ್ನಾಗಿ ಕಲಿಸುವ ಶಾಲೆಯಲ್ಲಿದ್ದಾರೆ. ತಪ್ಪಾದರೂ ಪರವಾಗಿಲ್ಲ ಎಂಬ ಔದಾರ್ಯ ಪರರ ಮಕ್ಕಳಿಗೆ ಮಾತ್ರ.

ಅಪ್ಪ ಅಮ್ಮಂದಿರೂ ತಪ್ಪಿಸಿಕೊಳ್ಳಬೇಡಿ. ಕೊಬ್ಬರಿ ಮಾರಿದ ದುಡ್ಡಲ್ಲಿ ಕಾನ್ವೆಂಟಿನ ಫೀಸು, ವ್ಯಾನಿನ ಫೀಸು, ಟೈ, ಬೆಲ್ಟು, ಸಂಜೆ ಟ್ಯೂಷನ್ನು. ಮಾರುಕಟ್ಟೆಯಲ್ಲಿ ತೂಕದಲ್ಲಿ ಕಾಲು ಕೆಜಿ ಹೆಚ್ಚುಕಡಿಮೆಯಾದರೆ ಅಂಗಳ ಕಿತ್ತುಹೋಗುವ ಹಾಗೆ ಜಗಳ ಮಾಡುವವರು, ವರ್ಷವಿಡೀ ಫೀಸು ಕಟ್ಟಿ ಒಂದು ದಿನವೂ ನೋಟ್‌ಬುಕ್ ತೆರೆದು ನೋಡುವುದಿಲ್ಲ. ‘ನಮಗೆ ಇಂಗ್ಲಿಷ್ ಬರಲ್ಲ, ನಾವೇನ್ ನೋಡೋದು’ ಎನ್ನುತ್ತೀರಿ. ಇಂಗ್ಲಿಷ್ ಬರಬೇಕಾಗಿಲ್ಲ. ಹೊಡೆದುಹಾಕಿದ ಪದದ ಪಕ್ಕದಲ್ಲಿ ಯಾಕೆ ಎಂದು ಬರೆದಿದ್ದಾರೆಯೇ ಎಂದು ನೋಡಲು ಕಣ್ಣಿದ್ದರೆ ಸಾಕು. ಬರೆದಿಲ್ಲದಿದ್ದರೆ ಶಾಲೆಗೆ ಹೋಗಿ ಕೇಳಿ. ಮೇಷ್ಟ್ರಿಗೆ ಕೋಪ ಬರುತ್ತದೆ, ಬರಲಿ.

ಮೇಷ್ಟ್ರುಗಳಿಗೆ ಟೈಮ್ ಇಲ್ಲ ಎಂಬುದನ್ನು ಅರ್ಧ ಒಪ್ಪುತ್ತೇನೆ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಆ್ಯಪಿನಲ್ಲಿ ಹಾಜರಿ ಎಲ್ಲವೂ ಅವರ ತಲೆಯ ಮೇಲಿದೆ. ಆದರೆ ನಾನು ಕೇಳುತ್ತಿರುವುದು ಹೊಸ ಕೆಲಸವಲ್ಲ. ‘ಅಡ್ಜೆಕ್ಟಿವ್ ಅಂದ್ರೆ ಗುಣವಾಚಕ’ ಎಂಬ ಸಾಲನ್ನು ಬೋರ್ಡಿನಿಂದ ಅಳಿಸಿ. ಬರುವ ಸೋಮವಾರ ಕನ್ನಡದವರೂ ಇಂಗ್ಲಿಷಿನವರೂ ಒಂದು ಬಿಡುವಿನ ಪೀರಿಯಡ್ ಒಟ್ಟಿಗೆ ಕೂತು, ಎಂಟನೇ ತರಗತಿಯ ಎರಡೂ ವ್ಯಾಕರಣದ ಪಾಠಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಮಗುವಿಗೆ ಎಲ್ಲಿ ದಾರಿ ತಪ್ಪುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ವರ್ಗಾವಣೆಯ ಪಟ್ಟಿಯ ಮಾತು ಮಂಗಳವಾರಕ್ಕಿರಲಿ.